ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ: ಕಣ್ಣಿನ ಪರೀಕ್ಷೆಗೆ ಹೋದಾಗ ಏನು ಹೇಳಬೇಕು, ಏನು ಕೇಳಬೇಕು

ಊರಲ್ಲಿ ಕಣ್ಣು ಮಂಜಾದರೆ ನೇರ ಕಣ್ಣಿನ ಆಸ್ಪತ್ರೆಗೆ ಹೋಗಿ ಚೀಟಿ ಮಾಡಿಸಿ ಕೂರುತ್ತಿದ್ದೆವು. ಇಲ್ಲಿ ಹಾಗಲ್ಲ. ಮೊದಲು ನೋಡುವವರು ಕನ್ನಡಕದ ಅಂಗಡಿಯಲ್ಲಿರುವ ಆಪ್ಟೋಮೆಟ್ರಿಸ್ಟ್, ಅಂದರೆ ಕಣ್ಣು ಪರೀಕ್ಷಿಸಲು ಓದಿ ತರಬೇತಿ ಪಡೆದವರು. "ಅಂಗಡಿಯವರಿಗೇನು ಗೊತ್ತಾಗುತ್ತೆ" ಅಂತ ತಾತ್ಸಾರ ಬೇಡ. ಅವರು ಪವರ್ ಜೊತೆಗೆ ಕಣ್ಣಿನ ಹಿಂದಿನ ನರ, ರೆಟಿನಾನೂ (ಕಣ್ಣಿನ ಒಳಗಿನ ಹಿಂಭಾಗದ ಪರದೆ) ನೋಡುತ್ತಾರೆ, ಅನುಮಾನ ಬಂದರೆ ಆಸ್ಪತ್ರೆಗೆ ಕಳಿಸಲು ಬರೆಯುವವರೂ ಅವರೇ. ಕನ್ನಡಕ ಅಲ್ಲೇ ಕೊಳ್ಳಬೇಕು ಅಂತೇನಿಲ್ಲ. ಪವರ್ ಚೀಟಿ ಕೊಡುವುದು ಕಾನೂನು, ಸುಮ್ನೆ ಇಸ್ಕೊಂಡು ಬನ್ನಿ.

ನಮ್ಮವರು ಹೇಳದೇ ಬಿಡುವುದು ಮನೆಯವರ ಕಣ್ಣಿನ ವಿಷಯ. ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುವ ರೋಗ, ಬಹಳಷ್ಟು ಜನರಿಗೆ ನೋವಿಲ್ಲದೆ ಬರುತ್ತದೆ, ಅಂಚಿನ ನೋಟವನ್ನು ನಿಧಾನಕ್ಕೆ ತಿನ್ನುತ್ತದೆ, ಹೋದ ನೋಟ ವಾಪಸ್ ಬರುವುದಿಲ್ಲ. ರಕ್ತಸಂಬಂಧದಲ್ಲಿ ಯಾರಿಗಾದರೂ ಇದ್ದರೆ ನಿಮಗೂ ಬರುವ ಸಾಧ್ಯತೆ ಜಾಸ್ತಿ. ಆದರೆ "ಅಪ್ಪಾಜಿ, ನಿಮಗೆ ಗ್ಲಾಕೋಮಾ ಇದೆಯಾ?" ಅಂತ ಕೇಳಿದರೆ "ಏನಿಲ್ಲಪ್ಪ, ಚೆನ್ನಾಗಿದೀನಿ" ಅಂತಾರೆ. ಹಾಗೆ ಕೇಳಬೇಡಿ. ದಿನಾ ಕಣ್ಣಿಗೆ ಹಾಕ್ಕೊಳ್ಳುವ ಡ್ರಾಪ್ಸ್ ಬಾಟಲಿಯ ಫೋಟೋ ವಾಟ್ಸಾಪಿನಲ್ಲಿ ಕಳಿಸಿ ಅನ್ನಿ. ಅದರ ಮೇಲೆ ಟಿಮೊಲಾಲ್ ಅಂತಲೋ ಲಾಟಾನೊಪ್ರೋಸ್ಟ್ ಅಂತಲೋ ಇದ್ದರೆ ಅದು ಸಾಮಾನ್ಯವಾಗಿ ಕಣ್ಣಿನ ಪ್ರೆಶರ್ ಇಳಿಸಲು ಕೊಡುವ ಔಷಧಿ. ಯಾಕೆ ಕೊಟ್ಟಿದ್ದಾರೆ ಅಂತ ಅವರ ಡಾಕ್ಟರ ಹತ್ತಿರ ಕೇಳಿಸಿ. ಅಪ್ಪ, ಅಮ್ಮ, ಒಡಹುಟ್ಟಿದವರು ಅಥವಾ ಮಕ್ಕಳಿಗೆ ಗ್ಲಾಕೋಮಾ ಇದ್ದು ನಿಮಗೆ 40 ತುಂಬಿದ್ದರೆ ಇಂಗ್ಲೆಂಡಿನಲ್ಲಿ ನಿಮ್ಮ ಪರೀಕ್ಷೆ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಲೆಕ್ಕದಲ್ಲಿ ಪುಕ್ಕಟೆ. ಶುಗರ್ ಇರುವವರಿಗೂ, 60 ದಾಟಿದವರಿಗೂ, 16ರೊಳಗಿನ ಮಕ್ಕಳಿಗೂ ಅಷ್ಟೇ. ಬುಕ್ ಮಾಡುವಾಗಲೇ ಹೇಳಿಬಿಡಿ.

ಇನ್ನೊಂದು, ಮೆಡಿಕಲ್ ಶಾಪಿನ ಡ್ರಾಪ್ಸ್. ಕಣ್ಣು ಕೆಂಪಾದಾಗ ಊರಿಂದ ತಂದ ಬಾಟಲಿ ತೆಗೆದು ಎರಡು ಹನಿ ಹಾಕಿಕೊಳ್ಳುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ ಅಲ್ವಾ? ಅದರಲ್ಲಿ ಡೆಕ್ಸಾಮೆಥಸೋನ್ ತರಹದ ಸ್ಟೀರಾಯ್ಡ್ ಇದ್ದರೆ, ಡಾಕ್ಟರು ನೋಡಿಕೊಳ್ಳದೆ ತುಂಬಾ ದಿನ ಹಾಕಿದರೆ, ಪ್ರೆಶರ್ ಏರಬಹುದು, ಪೊರೆಯೂ ಬರಬಹುದು. ನಾಚಿಕೆ ಪಡದೆ ಬಾಟಲಿಯನ್ನೇ ತೋರಿಸಿ.

ಶುಗರ್ ಇರುವವರು ಸ್ವಲ್ಪ ಗಮನವಿಟ್ಟು ಓದಿ. 12 ವರ್ಷ ಮೇಲ್ಪಟ್ಟ ಶುಗರ್ ರೋಗಿಗಳನ್ನು ರೆಟಿನಾದ ಫೋಟೋ ತೆಗೆಯಲು ಪತ್ರ ಬರೆದು ಕರೆಯುತ್ತಾರೆ. ಆದರೆ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಪತ್ತೆಯಾದ ಶುಗರ್ ಇಲ್ಲಿನ ಜಿಪಿ (ನೀವು ಹೆಸರು ನೋಂದಾಯಿಸುವ ಹತ್ತಿರದ ಡಾಕ್ಟರು) ದಾಖಲೆಯಲ್ಲಿ ಇಲ್ಲದಿದ್ದರೆ ಪತ್ರ ಎಲ್ಲಿಂದ ಬರಬೇಕು? ಜಿಪಿಯಲ್ಲಿ ನೋಂದಾಯಿಸುವಾಗಲೇ ಹಳೇ ರಿಪೋರ್ಟ್ ಕೊಡಿ. ಈ ಫೋಟೋ ಬೇರೆ, ಅಂಗಡಿಯ ಪರೀಕ್ಷೆ ಬೇರೆ. ಎರಡೂ ಬೇಕು. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಕಣ್ಣು ಮಂಜು ಮಂಜು, ಬಿಸಿಲು ಚುಚ್ಚುತ್ತದೆ. ಕಾರು ತಗೊಂಡು ಹೋಗಬೇಡಿ.

ಡಾಕ್ಟರು ಹೇಳಿದ್ದಕ್ಕೆಲ್ಲ ಹೂಂ ಹೂಂ ಅಂತ ತಲೆಯಾಡಿಸಿ ಎದ್ದು ಬರುವುದು ನಮಗೆ ಅಭ್ಯಾಸ. "ಎಲ್ಲಾ ಸರಿ ಇದೆಯಾ?" ಅಂದರೆ "ಸರಿ ಇದೆ" ಅನ್ನುವ ಉತ್ತರವೇ ಬರುತ್ತದೆ. ಬದಲಿಗೆ ಪ್ರೆಶರ್ ಎಷ್ಟಿದೆ, ನರ ಹೇಗೆ ಕಾಣುತ್ತಿದೆ, ಹೋದ ಸಲಕ್ಕಿಂತ ಬದಲಾಗಿದೆಯಾ, ಮತ್ತೆ ಯಾವಾಗ ಬರಬೇಕು ಅಂತ ಬಿಡಿಸಿ ಕೇಳಿ, ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಪ್ರೆಶರ್ ಸಾಮಾನ್ಯವಾಗಿ 10ರಿಂದ 21ರ ಒಳಗೆ ಇರುತ್ತದೆ, ಆದರೆ ಅಷ್ಟಿದ್ದೂ ಗ್ಲಾಕೋಮಾ ಬರುವವರಿದ್ದಾರೆ. ಹಾಗಾಗಿ ನರದ ಬಗ್ಗೆ ಕೇಳದೆ ಏಳಬೇಡಿ. ಒಸಿಟಿ ಸ್ಕ್ಯಾನ್ (ರೆಟಿನಾದ ಪದರಗಳನ್ನು ತೋರಿಸುವ ಸ್ಕ್ಯಾನ್) ಮಾಡಿಸುತ್ತೀರಾ ಅಂತ ಅಂಗಡಿಯಲ್ಲಿ ಕೇಳಿದರೆ, ಅದಕ್ಕೆ ಸಾಮಾನ್ಯವಾಗಿ ಬೇರೆ ದುಡ್ಡು. ನನಗೆ ಯಾಕೆ ಬೇಕು ಅಂತ ಕೇಳಿ ಆಮೇಲೆ ಹೂಂ ಅನ್ನಿ.

ಅತ್ತೆ ಮಾವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಅಪಾಯಿಂಟ್‌ಮೆಂಟ್ ಪತ್ರ ಬಂದ ಕೂಡಲೇ ಫೋನ್ ಮಾಡಿ ಕನ್ನಡ ದುಭಾಷಿ ಬೇಕು ಅಂತ ಹೇಳಿ. ಎನ್‌ಎಚ್‌ಎಸ್‌ನಲ್ಲಿ ಅದಕ್ಕೆ ನೀವು ದುಡ್ಡು ಕೊಡಬೇಕಿಲ್ಲ.

ಮಕ್ಕಳ ಪವರ್ ವರ್ಷವರ್ಷ ಏರುತ್ತಿದ್ದರೆ ಅದನ್ನು ನಿಧಾನ ಮಾಡುವ ಲೆನ್ಸ್ ಇವೆ, ಕೇಳಿ ನೋಡಿ. ದಿನಾ ಹೊರಗೆ ಆಡಲು ಬಿಡುವುದೂ ಮುಖ್ಯ. ಇಲ್ಲಿನ ಮೋಡ ನೋಡಿ ಮನೆಯೊಳಗೆ ಕೂರಿಸಬೇಡಿ, ಮೋಡ ಕವಿದ ಬೆಳಕೂ ಮನೆಯ ದೀಪಕ್ಕಿಂತ ಎಷ್ಟೋ ಜಾಸ್ತಿ.

ಕಣ್ಣಲ್ಲಿ ದಿಢೀರನೆ ಮಿಂಚು, ಕಪ್ಪು ಚುಕ್ಕೆಗಳ ಮಳೆ, ಪರದೆ ಎಳೆದ ಹಾಗೆ ಕತ್ತಲೆ, ಇಲ್ಲವೇ ಕಣ್ಣು ಕೆಂಪಾಗಿ ವಿಪರೀತ ನೋವು, ವಾಂತಿ ಬಂದರೆ ಮಾಮೂಲಿ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಅವತ್ತೇ ತೋರಿಸಬೇಕು. ಶನಿವಾರ ರಾತ್ರಿಯಾದರೂ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿದರೆ ಎಲ್ಲಿಗೆ ಹೋಗಬೇಕು ಅಂತ ಹೇಳುತ್ತಾರೆ.