ಸ್ಟೀರಾಯ್ಡ್ ಇನ್ಹೇಲರ್ ತೆಗೆದುಕೊಳ್ಳುವ ಸರಿಯಾದ ಕ್ರಮ: ಕೆರಳಿದ ಶ್ವಾಸಕೋಶಕ್ಕೆ ಸೈರಣೆ ಮರಳಿಸಲು

ವಯಸ್ಕರೊಬ್ಬರ ಶ್ವಾಸಕೋಶದಲ್ಲಿ ದಿನಕ್ಕೆ ಸುಮಾರು 10,000 ಲೀಟರ್ ಗಾಳಿ ಆಡುತ್ತದೆ. ಅದರ ಜೊತೆಗೇ ಪರಾಗ, ಬೂಷ್ಟಿನ ಕಣ, ಹಾಸಿಗೆಯ ದೂಳು, ಬ್ಯಾಕ್ಟೀರಿಯಾದ ಚೂರು ಎಲ್ಲವೂ ಒಳಗೆ ಬರುತ್ತವೆ. ಒಂದೊಂದರ ಮೇಲೂ ರೋಗನಿರೋಧಕ ವ್ಯವಸ್ಥೆ ಯುದ್ಧಕ್ಕೆ ನಿಂತರೆ ನಾವು ಬದುಕುವಂತಿಲ್ಲ. ಗಾಳಿಗೂ ರಕ್ತಕ್ಕೂ ನಡುವೆ ಇರುವ ಪೊರೆ ಒಂದು ಮೈಕ್ರಾನ್‌ಗಿಂತ ತೆಳು. ಅದು ಊದಿಕೊಂಡರೆ ಆಮ್ಲಜನಕ ದಾಟುವುದು ಕಷ್ಟ. ಹಾಗಾಗಿ ಶ್ವಾಸಕೋಶದಲ್ಲಿ ಸುಮ್ಮನಿರುವುದೂ ರಕ್ಷಣೆಯೇ.

ಈ ಸೈರಣೆ ತಾನಾಗಿ ಬಂದದ್ದಲ್ಲ, ಪ್ರತಿ ಗಳಿಗೆಯೂ ಕಾಯ್ದುಕೊಳ್ಳಬೇಕಾದದ್ದು. ಗಾಳಿಗೂಡುಗಳಲ್ಲಿ ಓಡಾಡುವ ಮ್ಯಾಕ್ರೋಫೇಜ್ ಕೋಶಗಳು ಒಳಬಂದ ಕಣವನ್ನು ನುಂಗಿ, ಯಾರನ್ನೂ ಎಬ್ಬಿಸದೆ ಅರಗಿಸುತ್ತವೆ. ಗೂಡಿನ ಗೋಡೆಯಲ್ಲಿರುವ ಸಿಡಿ200 ಎಂಬ ಪ್ರೋಟೀನು ಅವುಗಳಿಗೆ ಕಡಿವಾಣ. ಟಿಜಿಎಫ್-ಬೀಟಾ, ಐಎಲ್-10 ಎಂಬ ಸಂದೇಶಗಳೂ ‘ತಣ್ಣಗಿರಿ’ ಎನ್ನುತ್ತಿರುತ್ತವೆ. ಡೆಂಡ್ರಿಟಿಕ್ ಎಂಬ ಕಾವಲು ಕೋಶಗಳು ಕಣದ ಗುರುತನ್ನು ದುಗ್ಧಗ್ರಂಥಿಗೆ ಹೊತ್ತೊಯ್ಯುತ್ತವೆ. ಅಪಾಯದ ಸೂಚನೆ ಇಲ್ಲದಿದ್ದರೆ ಅಲ್ಲಿ ನಿಯಂತ್ರಕ ಟಿ ಕೋಶಗಳು ತಯಾರಾಗಿ, ಮುಂದೆ ಅದೇ ಕಣ ಬಂದಾಗ ಉಳಿದವರನ್ನು ಸುಮ್ಮನಿರಿಸುತ್ತವೆ.

ಅಸ್ತಮಾದಲ್ಲಿ ಮುರಿಯುವುದು ಈ ಏರ್ಪಾಟು. ಹಾಸಿಗೆಯ ದೂಳಿನಲ್ಲಿರುವ ನುಸಿಯನ್ನೇ ತೆಗೆದುಕೊಳ್ಳಿ. ಅದರ ಹಿಕ್ಕೆಯಲ್ಲಿರುವ ‘ಡರ್ ಪಿ 1’ ಎಂಬ ಕಿಣ್ವ ಉಸಿರ್ನಾಳದ ಕೋಶಗಳ ನಡುವಿನ ಹೊಲಿಗೆಯನ್ನೇ ಬಿಚ್ಚುತ್ತದೆ. ಗಾಯಗೊಂಡ ಕೋಶಗಳು ಐಎಲ್-33, ಟಿಎಸ್‌ಎಲ್‌ಪಿ ಎಂಬ ಎಚ್ಚರಿಕೆಯ ಸಂದೇಶ ಹೊರಡಿಸುತ್ತವೆ. ಆಮೇಲೆ ಐಎಲ್-4, ಐಎಲ್-5, ಐಎಲ್-13 ಎಂಬ ಉರಿಯೂತದ ಸಂದೇಶಗಳ ಸರದಿ: ಅಲರ್ಜಿಯ ಪ್ರತಿಕಾಯವಾದ ಐಜಿಇ ಹುಟ್ಟುತ್ತದೆ, ಇಯೊಸಿನೊಫಿಲ್ ಎಂಬ ಬಿಳಿ ರಕ್ತಕೋಶಗಳು ನೆರೆಯುತ್ತವೆ, ಕಫ ಕಟ್ಟುತ್ತದೆ, ನಾಳದ ಗೋಡೆ ಊದುತ್ತದೆ.

ಸ್ಟೀರಾಯ್ಡ್ ಇನ್ಹೇಲರಿನ ಕೆಲಸ ಇರುವುದು ಇಲ್ಲಿ. ಅದು ಕೋಶದೊಳಗೆ ಹೊಕ್ಕು, ಉರಿಯೂತದ ಸಂದೇಶ ಬರೆಯುವ ಜೀನ್‌ಗಳನ್ನು ತಗ್ಗಿಸುತ್ತದೆ. ಇದಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಉಸಿರು ಕಟ್ಟಿದಾಗ ಎಳೆದುಕೊಳ್ಳುವ ಸಾಲ್ಬುಟಮಾಲ್ ಇನ್ಹೇಲರ್ ಹಾಗಲ್ಲ, ಬಿಗಿದ ಸ್ನಾಯುವನ್ನು ಕೆಲವೇ ನಿಮಿಷದಲ್ಲಿ ಸಡಿಲಿಸುತ್ತದೆ, ಆದರೆ ಉರಿಯೂತ ಇದ್ದಲ್ಲೇ ಇರುತ್ತದೆ. ಅದಕ್ಕೇ ‘ಕೂಡಲೇ ಗುಣ ಕಾಣಲಿಲ್ಲ’ ಎಂದು ಸ್ಟೀರಾಯ್ಡನ್ನು ಬದಿಗಿಟ್ಟು ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಳ್ಳುವುದು ಅಪಾಯ. ವಯಸ್ಕರಿಗೂ ಹದಿಹರೆಯದವರಿಗೂ ಅದೊಂದೇ ಸಾಲದು ಎಂದು ಜಾಗತಿಕ ಅಸ್ತಮಾ ಮಾರ್ಗಸೂಚಿ 2019ರಿಂದಲೇ ಹೇಳುತ್ತಿದೆ.

ಇನ್ನು ತೆಗೆದುಕೊಳ್ಳುವ ಬಗೆ. ಉಸಿರ್ನಾಳದ ಆಳಕ್ಕೆ ಇಳಿಯುವುದು ಹೆಚ್ಚಾಗಿ 1ರಿಂದ 5 ಮೈಕ್ರಾನ್ ಗಾತ್ರದ ಹನಿಗಳು. ದೊಡ್ಡವು, ವೇಗವಾಗಿ ನುಗ್ಗುವವು ಗಂಟಲಿಗೇ ಬಡಿದು ನಿಲ್ಲುತ್ತವೆ. ಕೆಳಗಿನ ಪ್ರತಿಯೊಂದು ಹೆಜ್ಜೆಯೂ ಈ ಒಂದು ತೊಡಕನ್ನು ದಾಟಲು.

ಒತ್ತುವ ಇನ್ಹೇಲರ್ ಆದರೆ ನೆಟ್ಟಗೆ ಕೂತುಕೊಳ್ಳಿ ಅಥವಾ ನಿಲ್ಲಿ. ಮುಚ್ಚಳ ತೆಗೆದು ಬಾಯಿಕೊಳವೆಯೊಳಗೆ ಕಸವಿದೆಯೇ ನೋಡಿ. ಚೆನ್ನಾಗಿ ಅಲುಗಾಡಿಸಿ. ಹೆಚ್ಚಿನ ಡಬ್ಬಿಗಳಲ್ಲಿ ಔಷಧ ನುಣ್ಣನೆ ಪುಡಿಯಾಗಿ ದ್ರವದಲ್ಲಿ ತೇಲುತ್ತಿರುತ್ತದೆ, ಅಲುಗಾಡಿಸದಿದ್ದರೆ ಒಂದು ಪಫ್‌ನಲ್ಲಿ ಕಡಿಮೆ, ಇನ್ನೊಂದರಲ್ಲಿ ಹೆಚ್ಚು ಬರುತ್ತದೆ. ಹೊಸದಾಗಿದ್ದರೆ, ಅಥವಾ ಬಹಳ ದಿನ ಬಳಸದಿದ್ದರೆ, ಜೊತೆಗಿರುವ ಚೀಟಿಯಲ್ಲಿ ಹೇಳಿದಷ್ಟು ಸಲ ಗಾಳಿಗೆ ಒತ್ತಿ. ಈಗ ಉಸಿರನ್ನು ಪೂರ್ತಿ ಹೊರಬಿಡಿ. ತುಟಿ ಬಿಗಿಯಾಗಿ ಮುಚ್ಚಿ, ಉಸಿರೆಳೆಯಲು ಶುರುಮಾಡಿದ ಕೂಡಲೇ ಒಮ್ಮೆ ಒತ್ತಿ, 3ರಿಂದ 5 ಸೆಕೆಂಡ್ ನಿಧಾನವಾಗಿ ಎಳೆದುಕೊಳ್ಳಿ. 10 ಸೆಕೆಂಡ್, ಆಗದಿದ್ದರೆ ಆದಷ್ಟು ಹೊತ್ತು, ಉಸಿರು ಹಿಡಿಯಿರಿ. ಹನಿಗಳು ಗೋಡೆಗೆ ಕೂರುವುದಕ್ಕೆ ಆ ಬಿಡುವು ಬೇಕು. ಇನ್ನೊಂದು ಪಫ್ ಇದ್ದರೆ ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಅಲುಗಾಡಿಸಿ ತೆಗೆದುಕೊಳ್ಳಿ.

ಒತ್ತುವುದೂ ಎಳೆಯುವುದೂ ಒಟ್ಟಿಗೆ ಕೂಡಿಬರುವುದು ಬಹಳ ಜನರಿಗೆ ಕಷ್ಟ. ಹಾಗಾಗಿ ವಯಸ್ಸು ಎಷ್ಟೇ ಇರಲಿ, ಇನ್ಹೇಲರಿಗೂ ಬಾಯಿಗೂ ನಡುವೆ ಜೋಡಿಸುವ ಟೊಳ್ಳು ಕೊಳವೆ, ಅಂದರೆ ಸ್ಪೇಸರ್, ಇಟ್ಟುಕೊಳ್ಳುವುದೇ ಒಳ್ಳೆಯದು. ಅದು ಮಕ್ಕಳಿಗೆ ಮಾತ್ರ ಎಂಬುದು ತಪ್ಪು. ಸ್ಪೇಸರಿನಲ್ಲಿ ಹನಿಗಳ ವೇಗ ತಗ್ಗುತ್ತದೆ, ದೊಡ್ಡವು ಅದರ ಗೋಡೆಗೇ ಅಂಟುತ್ತವೆ, ಗಂಟಲು ಉಳಿಯುತ್ತದೆ. ಒಂದು ಸಲಕ್ಕೆ ಒಂದೇ ಪಫ್ ಒತ್ತಿ. ಎರಡು ಒಟ್ಟಿಗೆ ಒತ್ತಿದರೆ ಹನಿಗಳು ಕೂಡಿಕೊಂಡು ದಪ್ಪವಾಗುತ್ತವೆ. ಆಳವಾಗಿ ಎಳೆಯಲಾಗದ ಮಕ್ಕಳು ಸಹಜವಾಗಿ ಐದಾರು ಸಲ ಉಸಿರಾಡಿದರೆ ಸಾಕು. ಪ್ಲಾಸ್ಟಿಕ್ ಸ್ಪೇಸರನ್ನು ಮೊದಲ ಬಳಕೆಗೆ ಮುಂಚೆ, ಆಮೇಲೆ ತಿಂಗಳಿಗೊಮ್ಮೆಯಾದರೂ, ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಬೆರೆಸಿದ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಬಟ್ಟೆಯಿಂದ ಒರೆಸಬೇಡಿ. ಉಜ್ಜಿದರೆ ಸ್ಥಿರವಿದ್ಯುತ್ ಹುಟ್ಟಿ ಔಷಧ ಗೋಡೆಗೆ ಅಂಟುತ್ತದೆ, ಗಾಳಿಗೇ ಒಣಗಬೇಕು.

ಪುಡಿಯ ಇನ್ಹೇಲರಿಗೆ ಕ್ರಮ ಉಲ್ಟಾ. ಅಲ್ಲಿ ಪುಡಿಯನ್ನು ಒಡೆದು ಚದುರಿಸುವ ಬಲ ನಿಮ್ಮ ಉಸಿರಿನದೇ. ಶುರುವಿನಿಂದಲೇ ಜೋರಾಗಿ, ಆಳವಾಗಿ ಎಳೆಯಿರಿ. ಅದರೊಳಗೆ ಉಸಿರು ಬಿಡಬೇಡಿ, ತೇವ ತಾಗಿದರೆ ಪುಡಿ ಗಂಟುಕಟ್ಟುತ್ತದೆ. ಕ್ಯಾಪ್ಸೂಲ್ ಹಾಕುವ ಬಗೆಯದಾದರೆ, ಎಳೆದ ಮೇಲೆ ತೆರೆದು ನೋಡಿ. ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ. ಕ್ಯಾಪ್ಸೂಲನ್ನು ನುಂಗುವಂತಿಲ್ಲ.

ಮುಗಿದ ಮೇಲೆ ಬಾಯಿ ಮುಕ್ಕಳಿಸಿ, ಗಂಟಲು ಗಳಗಳಿಸಿ, ಉಗುಳಿ. ಶ್ವಾಸಕೋಶದಲ್ಲಿ ಉರಿಯೂತ ತಣಿಸುವ ಔಷಧವೇ ಬಾಯಿಯಲ್ಲಿ ಉಳಿದರೆ ಅಲ್ಲಿನ ಕಾವಲನ್ನೂ ಸಡಿಲಿಸುತ್ತದೆ. ಆಗ ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆದು ನಾಲಿಗೆಯ ಮೇಲೆ ಬಿಳಿ ಪದರ ಕಟ್ಟುತ್ತದೆ. ದನಿ ಒಡೆಯುವುದೂ ಉಂಟು.

ಡಬ್ಬಿಯ ಎಣಿಕೆ ಸೊನ್ನೆಗೆ ಬಂದರೆ ಬದಲಿಸಿ. ಆಮೇಲೂ ಹೊಗೆಯಂತೆ ಏನೋ ಚಿಮ್ಮಬಹುದು, ಅದರಲ್ಲಿ ಸಾಕಷ್ಟು ಔಷಧ ಇರುವುದಿಲ್ಲ. ಎಷ್ಟು ಉಳಿದಿದೆಯೆಂದು ಡಬ್ಬಿಯನ್ನು ನೀರಲ್ಲಿ ತೇಲಿಸಿ ನೋಡುವ ಪರೀಕ್ಷೆ ನಂಬಬೇಡಿ.

ಉಸಿರು ಹಗುರಾಯಿತೆಂದು ನೀವಾಗಿಯೇ ನಿಲ್ಲಿಸಬೇಡಿ. ಔಷಧವು ಅಲರ್ಜಿಯ ನೆನಪನ್ನು ಅಳಿಸಿರುವುದಿಲ್ಲ, ಅದುಮಿಟ್ಟಿರುತ್ತದೆ ಅಷ್ಟೆ. ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಸಾಲ್ಬುಟಮಾಲ್ ಬೇಕಾಗುತ್ತಿದ್ದರೆ, ರಾತ್ರಿ ಕೆಮ್ಮು ಎಬ್ಬಿಸುತ್ತಿದ್ದರೆ, ವೈದ್ಯರ ಬಳಿ ಹೋಗುವಾಗ ಇನ್ಹೇಲರನ್ನೂ ಸ್ಪೇಸರನ್ನೂ ಕೊಂಡೊಯ್ದು, ಡೋಸ್ ಹೆಚ್ಚಿಸುವ ಮೊದಲು ತೆಗೆದುಕೊಳ್ಳುವ ಬಗೆಯನ್ನು ಅವರೆದುರೇ ಮಾಡಿ ತೋರಿಸಿ. ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ, ಕೂಡಲೇ ಆಸ್ಪತ್ರೆಗೆ ಹೊರಡಿ. ದಾರಿಯುದ್ದಕ್ಕೂ ಸಾಲ್ಬುಟಮಾಲನ್ನು ಸ್ಪೇಸರ್ ಮೂಲಕ ಒಂದೊಂದೇ ಪಫ್ ಕೊಡುತ್ತಿರಿ.