ದಿನದಿನವೂ ಶಿಲುಬೆ ಹೊರುವುದು ಹೇಗೆ?

ನನ್ನನ್ನು ಹಿಂಬಾಲಿಸುವವನು ತನ್ನ ಶಿಲುಬೆಯನ್ನು ಹೊತ್ತುಕೊಂಡು ಬರಲಿ ಎಂದು ಯೇಸು ಕರೆದನು. ರೋಮನ್ನರ ಆಳ್ವಿಕೆಯಲ್ಲಿ ಶಿಲುಬೆಯೆಂದರೆ ಹೆಚ್ಚಾಗಿ ದಾಸರನ್ನೂ ದಂಗೆಕೋರರನ್ನೂ ಹತ್ತು ಜನರ ಕಣ್ಣೆದುರು ಮಾನ ಕಳೆದು ಕೊಲ್ಲುವ ಶಿಕ್ಷೆಯಾಗಿತ್ತು. ಮರಕ್ಕೆ ತೂಗಹಾಕಲ್ಪಟ್ಟವನು ಶಾಪಗ್ರಸ್ತನೆಂದು ಬೈಬಲಿನ ಧರ್ಮೋಪದೇಶಕಾಂಡವೂ (21:23) ಹೇಳುತ್ತದೆ. ಇಂಥ ಮರಣದಲ್ಲೇ ದೇವರ ಬಲವೂ ಜ್ಞಾನವೂ ಪ್ರಕಟವಾದವೆಂದು ಅಪೊಸ್ತಲನಾದ ಪೌಲನು ಕೊರಿಂಥ ಪಟ್ಟಣದ ಸಭೆಯವರಿಗೆ ಬರೆದಾಗ, ಕೇಳಿದವರಿಗೆ ಅದು ಹುಚ್ಚುಮಾತಾಗಿ ಕಂಡಿದ್ದರೆ ಆಶ್ಚರ್ಯವೇನಿಲ್ಲ. ಕತ್ತಿನ ಸರದಲ್ಲಿ ಶಿಲುಬೆಯನ್ನು ನೋಡಿ ಒಗ್ಗಿಹೋದ ನಮಗೆ ಆ ಅವಮಾನ ತಟ್ಟುವುದೇ ಇಲ್ಲ. ಆದ್ದರಿಂದ ಮೊದಲು ಮಾರ್ಕನ ಸುವಾರ್ತೆಯ 8:27–38ನ್ನು ನಿಧಾನವಾಗಿ ಓದಿರಿ. ಯೇಸುವನ್ನು ಕ್ರಿಸ್ತನೆಂದು, ಅಂದರೆ ದೇವರು ಅಭಿಷೇಕಿಸಿದ ರಕ್ಷಕನೆಂದು, ಒಪ್ಪಿಕೊಂಡ ಶಿಷ್ಯ ಪೇತ್ರನೇ, ಕ್ರಿಸ್ತನು ಬಾಧೆಪಡಬೇಕೆಂಬ ಮಾತು ಬಂದೊಡನೆ ಆತನನ್ನು ಗದರಿಸುತ್ತಾನೆ. ಅಲ್ಲಿ ನಿಂತು, ನಾವು ಬಯಸುವುದೂ ಸೋಲದ ಕ್ರಿಸ್ತನನ್ನೇ ಅಲ್ಲವೇ ಎಂದು ಕೇಳಿಕೊಳ್ಳಬೇಕು.

ಎರಡನೆಯ ಕೆಲಸ ಇನ್ನೂ ಕಠಿಣ: ಶಿಲುಬೆ ಯಾವುದು, ಬರೀ ಕಷ್ಟ ಯಾವುದು ಎಂದು ಬೇರ್ಪಡಿಸುವುದು. ಕಾಯಿಲೆ, ಸಾಲ, ಮುಂಗೋಪಿ ಮೇಲಧಿಕಾರಿ, ಎಲ್ಲವನ್ನೂ ‘ನನ್ನ ಶಿಲುಬೆ’ ಎನ್ನುವುದು ನಮ್ಮ ರೂಢಿ. ಆದರೆ ತನ್ನ ಪ್ರಾಣವನ್ನು ಯಾರೂ ಕಸಿದುಕೊಳ್ಳುತ್ತಿಲ್ಲ, ತಾನಾಗಿಯೇ ಕೊಡುತ್ತಿದ್ದೇನೆ ಎಂದು ಯೇಸು ಹೇಳಿದ್ದನು (ಯೋಹಾನ 10:18). ಹಾಗಾಗಿ ಈ ಭಾರವನ್ನು ಪ್ರೀತಿಯಿಂದ ನಾನೇ ಎತ್ತಿಕೊಂಡೆನೇ, ಇದರಿಂದ ಯಾರಿಗಾದರೂ ಒಳಿತಾಗುತ್ತಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಹಾಕಿಕೊಳ್ಳಿರಿ. ಮನೆಯಲ್ಲಿ ಹೊಡೆತ ತಿನ್ನುವವರಿಗೆ ‘ಶಿಲುಬೆ ಹೊತ್ತುಕೋ’ ಎಂದು ಬುದ್ಧಿ ಹೇಳುವುದು, ನನ್ನ ದೃಷ್ಟಿಯಲ್ಲಿ, ಸುವಾರ್ತೆಗೆ ಮಾಡುವ ದ್ರೋಹ. ಮಹಾಯಾಜಕನ ಮುಂದೆ ಏಟು ಬಿದ್ದಾಗ ಯೇಸು ‘ಯಾಕೆ ಹೊಡೆಯುತ್ತೀ’ ಎಂದು ಕೇಳಿದನು (ಯೋಹಾನ 18:23). ಕೊರಡೆಯ ಏಟಿಗೆ ಕಟ್ಟಿದಾಗ ಪೌಲನು ತನ್ನ ರೋಮನ್ ಪೌರತ್ವದ ಹಕ್ಕನ್ನು ಮುಂದಿಟ್ಟನು (ಅಪೊಸ್ತಲರ ಕೃತ್ಯಗಳು 22:25).

ಹೊರಬೇಕಾದದ್ದು ಇದೇ ಎಂದು ತಿಳಿದ ಮೇಲೆ ಚಿಕ್ಕದರಿಂದ ಆರಂಭಿಸಿರಿ. ಲೂಕನು ಪ್ರತಿದಿನ ಹೊರಬೇಕೆಂದೇ ಬರೆಯುತ್ತಾನೆ (9:23). ಸಹೋದ್ಯೋಗಿಯೊಬ್ಬರು ಗುಂಪಿನಲ್ಲಿ ಚುಚ್ಚುವ ಸಂದೇಶ ಹಾಕಿದ್ದಾರೆ, ನೀವೂ ಖಾರವಾದ ಉತ್ತರವನ್ನು ಟೈಪ್ ಮಾಡಿದ್ದೀರಿ ಎಂದುಕೊಳ್ಳಿ. ವಿಷಯಕ್ಕೆ ಬೇಕಾದ ವಾಕ್ಯವನ್ನು ಉಳಿಸಿ, ಅವರನ್ನು ತಲೆತಗ್ಗಿಸುವಂತೆ ಮಾಡಲೆಂದೇ ಬರೆದ ವಾಕ್ಯವನ್ನು ಅಳಿಸಿಬಿಡಿ. ತಪ್ಪನ್ನು ತಪ್ಪೆಂದು ಹೇಳಿದಿರಿ, ಸೇಡನ್ನು ಮಾತ್ರ ಬಿಟ್ಟುಕೊಟ್ಟಿರಿ. ಈ ತ್ಯಾಗವನ್ನು ಆಮೇಲೆ ನಾಲ್ಕು ಜನರಿಗೆ ಹೇಳಿಕೊಂಡು ತಿರುಗಿದರೆ ಬಿಟ್ಟದ್ದೆಲ್ಲ ಬಡ್ಡಿಸಮೇತ ವಾಪಸಾಗುತ್ತದೆ.

ಮೊದಮೊದಲು ಇದರಲ್ಲಿ ಗೆಲುವಿನ ಸುಳಿವೇ ಕಾಣದಿರಬಹುದು. ಆಗ ಯೇಸು ಸೆರೆಯಾಗುವ ಮುನ್ನ ಗೆತ್ಸೇಮನೆಯಲ್ಲಿ ಮಾಡಿದ ಪ್ರಾರ್ಥನೆಯನ್ನೇ ಮಾದರಿಯಾಗಿಟ್ಟುಕೊಳ್ಳಿರಿ: ಪಾತ್ರೆಯನ್ನು, ಅಂದರೆ ಬರಲಿರುವ ಬಾಧೆಯನ್ನು, ತೊಲಗಿಸು ಎಂಬ ಬೇಡಿಕೆ ಅಲ್ಲಿ ಮೊದಲು ಬರುತ್ತದೆ, ಸಮರ್ಪಣೆ ಆಮೇಲೆ. ಹೊರೆ ತೀರ ಭಾರವಾದರೆ ಸಭಾಪಾಲಕರಿಗೋ ನಂಬಿಕೆಯ ಸ್ನೇಹಿತರಿಗೋ ಬಾಯಿಬಿಟ್ಟು ಹೇಳಿರಿ. ಯೇಸುವಿನ ಶಿಲುಬೆಯನ್ನೂ ದಾರಿಯಲ್ಲಿ ಕುರೇನೆ ಪಟ್ಟಣದ ಸೀಮೋನನೆಂಬವನು ಹೊತ್ತನು.