ಕಡಿಮೆ ಅಂಕದ ಉತ್ತರ ಪತ್ರಿಕೆಯನ್ನು ಮನೆಯಲ್ಲಿ ತೋರಿಸುವ ಬಗೆ

ಗಣಿತದ ಕಿರು ಪರೀಕ್ಷೆಯಲ್ಲಿ 20ಕ್ಕೆ 6 ಅಂಕ ಬಂದ ಉತ್ತರ ಪತ್ರಿಕೆಯನ್ನು ನಾಲ್ಕಾಗಿ ಮಡಚಿ ಪುಸ್ತಕದ ಬೈಂಡಿನೊಳಗೆ ತುರುಕುವುದನ್ನು ಯಾವ ವಿದ್ಯಾರ್ಥಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ತರಗತಿಯ ವಾಟ್ಸಾಪ್ ಗುಂಪು, ಅದೇ ತರಗತಿಯಲ್ಲಿ ಓದುವ ಪಕ್ಕದ ಮನೆಯ ಹುಡುಗ, ಪೋಷಕರ ಸಭೆ ಇವುಗಳಲ್ಲಿ ಯಾವುದಾದರೊಂದು ಅದನ್ನು ಹೊರಗೆಳೆಯುತ್ತದೆ. ಆಗ ಮಾತು ಅಂಕವನ್ನು ಬಿಟ್ಟು ಸುಳ್ಳಿನತ್ತ ತಿರುಗುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶವನ್ನಂತೂ ನೋಂದಣಿ ಸಂಖ್ಯೆ ಮತ್ತು ಜನ್ಮದಿನಾಂಕ ತಿಳಿದಿದ್ದರೆ ಮನೆಯವರು ನಿಮಗಿಂತ ಮೊದಲೇ ಮೊಬೈಲಿನಲ್ಲಿ ನೋಡಿಬಿಡುತ್ತಾರೆ.

ಅಪ್ಪನ ಸಹಿಯನ್ನು ತಾವೇ ಹಾಕುವವರು ಒಂದನ್ನು ಮರೆಯುತ್ತಾರೆ: ಪ್ರೋಗ್ರೆಸ್ ಕಾರ್ಡಿನಲ್ಲಿ ಹಿಂದಿನ ಪರೀಕ್ಷೆಯ ನಿಜವಾದ ಸಹಿ ಅದರ ಪಕ್ಕದಲ್ಲೇ ಇರುತ್ತದೆ. 6ರ ಹಿಂದೆ 1 ಸೇರಿಸಿ 16 ಮಾಡಿದರೆ ಒಳಗಿನ ಪ್ರಶ್ನೆವಾರು ಅಂಕಗಳ ಮೊತ್ತ ಅದಕ್ಕೆ ತಾಳೆಯಾಗುವುದಿಲ್ಲ.

ಹಾಗೆಂದು ಚೀಲ ಇಳಿಸಿದ ಕೂಡಲೇ ಹೇಳಲೇಬೇಕೆಂದೇನೂ ಇಲ್ಲ. ಒಂದು ಸಂಜೆಯಷ್ಟು ಕಾಲವನ್ನು ತೆಗೆದುಕೊಳ್ಳಬಹುದು, ಆ ಸಂಜೆಯನ್ನು ಉತ್ತರ ಪತ್ರಿಕೆಯ ಮೇಲೆಯೇ ಕಳೆಯುವುದಾದರೆ ಮಾತ್ರ. ಮೊದಲು ಅಂಕಗಳನ್ನು ಮತ್ತೊಮ್ಮೆ ಕೂಡಿ ನೋಡಿ. ಕೂಡುವಾಗ ಶಿಕ್ಷಕರೂ ತಪ್ಪುವುದುಂಟು, ಹಾಗಾಗಿದ್ದರೆ ಪತ್ರಿಕೆಯ ಮೇಲೆ ಏನನ್ನೂ ಬರೆಯದೆ ಮರುದಿನ ಅವರಿಗೇ ತೋರಿಸಿ. ಬಳಿಕ ಪ್ರತಿಯೊಂದು ತಪ್ಪಿನ ಕಾರಣವನ್ನು ಬೇರೆ ಹಾಳೆಯಲ್ಲಿ ಬರೆಯಿರಿ: ಪಾಠವೇ ಅರ್ಥವಾಗಿರಲಿಲ್ಲವೇ, ಅರ್ಥವಾಗಿದ್ದರೂ ಅಭ್ಯಾಸ ಸಾಲದೆ ಸಮಯ ಮುಗಿಯಿತೇ, ಅಥವಾ ಋಣ ಚಿಹ್ನೆ ಬಿಟ್ಟುಹೋದಂತಹ ಅಜಾಗರೂಕತೆಯೇ. ಹೋದ 14 ಅಂಕಗಳಲ್ಲಿ ನಾಲ್ಕೈದು ಬರೀ ಅವಸರಕ್ಕೆ ಹೋಗಿವೆ ಎಂದು ಗೊತ್ತಾದರೆ, ನಿಮಗೂ ಮನೆಯವರಿಗೂ ಮಾತನಾಡಲು ಒಂದು ಹಿಡಿ ಸಿಗುತ್ತದೆ.

ಅಪ್ಪ ಕೆಲಸದಿಂದ ಬಂದ ಗಳಿಗೆ, ನೆಂಟರ ಎದುರು, ಊಟದ ನಡುವೆ, ಇವು ಹೇಳುವ ಹೊತ್ತಲ್ಲ. ಊಟವಾಗಿ ಎಲ್ಲರೂ ಕೈತೊಳೆದು ಕುಳಿತ ಮೇಲೆ, "ಅಪ್ಪಾ, ಗಣಿತದಲ್ಲಿ 20ಕ್ಕೆ 6 ಬಂದಿದೆ, ಪೇಪರ್ ಇಲ್ಲಿದೆ, ಸಹಿ ಬೇಕು" ಎಂದು ಮೊದಲ ಮಾತಿನಲ್ಲೇ ಅಂಕವನ್ನು ಹೇಳಿಬಿಡಿ. ಪೀಠಿಕೆ ಉದ್ದವಾದಷ್ಟೂ ಕೇಳುವವರ ಆತಂಕ ಹೆಚ್ಚುತ್ತದೆ. ಇತರರಿಗೆ ಇನ್ನೂ ಕಡಿಮೆ ಬಂದಿದೆ ಎಂಬ ವಾದವನ್ನು ಮಾತ್ರ ಎತ್ತಬೇಡಿ, ಏಕೆಂದರೆ ಮೊದಲನೆಯ ಸ್ಥಾನ ಯಾರಿಗೆ ಬಂತು ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಹತ್ತನೆಯ ತರಗತಿಯವರಾದರೆ, ಗಣಿತದ 100 ಅಂಕಗಳಲ್ಲಿ ಆಂತರಿಕ ಮೌಲ್ಯಮಾಪನಕ್ಕೆ ಇರುವುದು 20 ಮಾತ್ರ, ಉಳಿದ 80 ಅಂತಿಮ ಲಿಖಿತ ಪರೀಕ್ಷೆಗೆ ಎಂಬುದನ್ನು ನೆನಪಿಸಬಹುದು. ಆದರೆ ಬೈಗುಳ ಮುಗಿದ ಮೇಲೆ.

ಬೈಗುಳ ಬೇರೆ, ಏಟು ಬೇರೆ. ಹೊಡೆತದ ಭಯ ನಿಜವಾಗಿಯೂ ಇದ್ದರೆ ಒಬ್ಬರೇ ಎದುರಿಸಬೇಡಿ; ಅಮ್ಮನಿಗೋ ಅಜ್ಜಿಗೋ ಮೊದಲು ತಿಳಿಸಿ, ಇಲ್ಲವೇ ತರಗತಿ ಶಿಕ್ಷಕರೇ ಮನೆಗೆ ಫೋನ್ ಮಾಡುವಂತೆ ಕೇಳಿಕೊಳ್ಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು.

ಸಹಿಯಾದ ಪತ್ರಿಕೆಯನ್ನು ಶಾಲೆಗೆ ಹಿಂದಿರುಗಿಸುವ ಮುನ್ನ ತಪ್ಪಾದ ಲೆಕ್ಕಗಳನ್ನು ನಕಲು ಮಾಡಿಟ್ಟುಕೊಂಡು, ಭಾನುವಾರ ಅವನ್ನೇ ಉತ್ತರ ನೋಡದೆ ಮತ್ತೆ ಬಿಡಿಸಿ, ಆ ಹಾಳೆಯನ್ನೂ ಅಪ್ಪನ ಮುಂದಿಡಿ.